ಡೈಪರ್ ಬದಲಿಸುವ ಮೊದಲು ಕಲೆ ನೋಡಿ: ಮಲದ ಹಿಡಿತ ತಪ್ಪಿದವರ ಮನೆಯವರಿಗೆ ದೋಷ ನಿವಾರಣೆ ಕೈಪಿಡಿ

ನಾನು ಪಂಪ್‌ಸೆಟ್ ರಿಪೇರಿ ಮಾಡುವವನು. ಸಾಗರದ ಸುತ್ತಲಿನ ಅಡಿಕೆ ತೋಟಗಳಿಂದ ನೀರೆತ್ತದ, ಸೋರುವ, ಸುಟ್ಟುಹೋದ ಪಂಪುಗಳು ನನ್ನ ಅಂಗಡಿಗೆ ಬರುತ್ತವೆ. ತಂದವರು ಜೀಪಿನಿಂದ ಇಳಿಸುವ ಮೊದಲೇ ತೀರ್ಪು ಕೊಡುತ್ತಾರೆ: "ಮೋಟಾರು ಹೋಗಿದೆ, ಬೇರೆಯದೇ ಬೇಕು." ಬಿಚ್ಚಿ ನೋಡಿದರೆ ಬಹಳ ಸಲ ಹೋಗಿರುವುದು ಮೋಟಾರಲ್ಲ, ಒಂದು ಸವೆದ ಸೀಲು, ಇಲ್ಲವೇ ಫುಟ್‌ವಾಲ್ವಿನಲ್ಲಿ ಸಿಕ್ಕಿಕೊಂಡ ಒಂದು ಎಲೆ.

ಇಷ್ಟು ಗೊತ್ತಿದ್ದವನು ಮನೆಯಲ್ಲಿ ಅದೇ ತಪ್ಪು ಮಾಡಿದೆ. ಪಾರ್ಶ್ವವಾಯು ಬಡಿದ ಮೇಲೆ ಅಪ್ಪನಿಗೆ ಮಲದ ಮೇಲೆ ಹಿಡಿತ ತಪ್ಪಿತು. ಡೈಪರ್ ತಂದೆವು, ಸೋರಿತು. ಬೇರೆ ಕಂಪನಿಯದು ತಂದೆವು, ಅದೂ ಸೋರಿತು. ದುಬಾರಿಯದು ತಂದೆವು, ಅದು ಇನ್ನೂ ಚೆನ್ನಾಗಿ ಸೋರಿತು. ನಾಲ್ಕು ತಿಂಗಳಲ್ಲಿ ಐದು ಬಗೆಯ ಪೊಟ್ಟಣಗಳು ಅರ್ಧಂಬರ್ಧ ಬಳಕೆಯಾಗಿ ಅಟ್ಟ ಸೇರಿದವು. ಬೆಳಗಿನ ಜಾವ ನಾನು ದೀಪ ಹಾಕಿದರೆ ಅಪ್ಪ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡೇ, "ಮತ್ತೆ ಆಯಿತೇನೋ, ಮಾರಾಯ?" ಎನ್ನುತ್ತಿದ್ದರು. ಅಂಚೆ ಕಚೇರಿಯಲ್ಲಿ ಜೀವಮಾನವಿಡೀ ಒಂದು ಮಸಿಯ ಚುಕ್ಕೆಯೂ ಬೀಳದ ಬಿಳಿ ಅಂಗಿ ತೊಟ್ಟು ಕುಳಿತ ಮನುಷ್ಯ.

ಆಮೇಲೆ ಬುದ್ಧಿ ಬಂತು. ವಸ್ತುವನ್ನು ಬದಲಿಸುವುದನ್ನು ಬಿಟ್ಟು ಸೋರಿಕೆಯ ಜಾಡು ಹಿಡಿದೆ. ಹಾಗೆ ಹಿಡಿದಾಗ ಕಂಡದ್ದನ್ನು, ದಾದಿಯರೂ ವೈದ್ಯರೂ ತಿದ್ದಿದ್ದನ್ನು ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ವೈದ್ಯರ ಬಳಿಗೇ ಹೋಗಬೇಕಾದ ಸಂದರ್ಭಗಳನ್ನು ಅಲ್ಲಲ್ಲೇ ಹೇಳಿದ್ದೇನೆ. ಮಲ ಎಂಬ ಶಬ್ದವನ್ನು ಮಲ ಎಂದೇ ಬರೆದಿದ್ದೇನೆ. ಮುಜುಗರದಿಂದ ಅಡ್ಡ ಮಾತಾಡಿ ನಾವು ಕಳೆದುಕೊಂಡ ತಿಂಗಳುಗಳು ಸಾಕು.

ಮೊದಲು ವಸ್ತುವಿನ ಮಿತಿ ತಿಳಿಯಿರಿ

ಒಂದು ಹೊಸ ಡೈಪರನ್ನು ಕತ್ತರಿಯಿಂದ ಉದ್ದಕ್ಕೆ ಸೀಳಿ ನೋಡಿದೆ. ಮೇಲೆ ಮೈಗೆ ತಾಗುವ ತೆಳ್ಳನೆಯ ನಾರಿನ ಹಾಳೆ. ಅದರಡಿಯಲ್ಲಿ ಮರದ ತಿರುಳಿನ ಹತ್ತಿ. ಹತ್ತಿಯ ನಡುವೆ ಸಕ್ಕರೆ ಹರಳಿನಂಥ ಬಿಳಿ ಪುಡಿ. ಸೋಡಿಯಂ ಪಾಲಿಅಕ್ರಿಲೇಟ್ ಎನ್ನುವ ರಾಸಾಯನಿಕ ಅದು, ನೀರು ಕುಡಿದು ಜೆಲ್ಲಿಯಾಗಿ ಊದುತ್ತದೆ. ಎಲ್ಲಕ್ಕಿಂತ ಹೊರಗೆ ಪ್ಲಾಸ್ಟಿಕ್ ಪದರ.

ಇನ್ನೊಂದು ಡೈಪರನ್ನು ಮೇಜಿನ ಮೇಲೆ ಹರವಿ ಒಂದು ಲೋಟ ನೀರು ಸುರಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಅದರ ಪಕ್ಕದಲ್ಲೇ ಅರ್ಧ ಲೋಟ ರಾಗಿ ಅಂಬಲಿ ಸುರಿದೆ. ಅಂಬಲಿಯ ನೀರಿನಂಶ ಕೆಳಗಿಳಿಯಿತು, ಹಿಟ್ಟಿನಂಶ ಮೇಲಿನ ಹಾಳೆಯ ಮೇಲೆ ಲೇಪದಂತೆ ಕೂತಿತು. ಆ ಲೇಪದ ಮೇಲೆ ಮತ್ತೆ ನೀರು ಹಾಕಿದರೆ ಅದು ಒಳಗಿಳಿಯಲಿಲ್ಲ, ಅಂಚಿನ ಕಡೆಗೆ ಹರಿದು ಮೇಜಿನಿಂದ ನನ್ನ ಪಾದದ ಮೇಲೆ ಬಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, "ಅಂಬಲಿ ಕುಡಿಯಲಿಕ್ಕೆ ಮಾಡಿದ್ದು" ಎಂದಳು.

ನನಗೆ ಬೇಕಾದ ಉತ್ತರ ಸಿಕ್ಕಿತ್ತು. ನಮ್ಮ ಅಂಗಡಿಗಳಲ್ಲಿ ಸಿಗುವ ದೊಡ್ಡವರ ಡೈಪರ್ ಮೂತ್ರವನ್ನು ಹೀರಲಿಕ್ಕೆಂದು ಮಾಡಿದ್ದು. ಮಲವನ್ನು ಅದು ಹೀರುವುದಿಲ್ಲ, ಬರಿದೇ ತಡೆದು ಹಿಡಿಯುತ್ತದೆ. ಆದ್ದರಿಂದ ಪೊಟ್ಟಣದ ಮೇಲಿನ ಹೀರುವ ಸಾಮರ್ಥ್ಯದ ಮಾತಿಗೆ ನಮ್ಮ ಲೆಕ್ಕದಲ್ಲಿ ಬೆಲೆ ಕಡಿಮೆ. ಒದ್ದೆಯಾದಾಗ ಬಣ್ಣ ಬದಲಿಸುವ ಹಳದಿ ಗೆರೆಯನ್ನು ನಂಬಿ ಕೂರಬೇಡಿ. ಅದು ಮೂತ್ರದ ಸುಳಿವು ಕೊಡುತ್ತದೆ, ಗಟ್ಟಿ ಮಲ ಬಿದ್ದಿದ್ದರೆ ಸುಮ್ಮನಿರುತ್ತದೆ. ಮಲವಾದ ಡೈಪರಿಗೆ ಇನ್ನು ಮೂತ್ರ ಹೀರುವ ಶಕ್ತಿಯೂ ಕುಗ್ಗಿರುತ್ತದೆ, ಅಂಬಲಿಯ ಮೇಲಿನ ನೀರಿನ ಹಾಗೆ. ಮಲವಾದದ್ದು ಗೊತ್ತಾದ ಕೂಡಲೇ ಬದಲಿಸಬೇಕು. "ಇನ್ನೂ ತುಂಬಿಲ್ಲ, ಬೆಳಗಿನವರೆಗೆ ಇರಲಿ" ಎಂಬ ಲೆಕ್ಕ ನಡೆಯುವುದಿಲ್ಲ.

ತೊಡೆಯ ಬದಿಯಲ್ಲಿ ಕಲೆ

ಸೋರಿದಾಗ ಬಟ್ಟೆಯನ್ನು ತಕ್ಷಣ ಬಚ್ಚಲಿಗೆ ಎಸೆಯಬೇಡಿ. ಅರ್ಧ ನಿಮಿಷ ನಿಂತು ನೋಡಿ: ಕಲೆ ಎಲ್ಲಿದೆ? ತೊಡೆಯ ಬಳಿಯೋ, ಬೆನ್ನಿನ ಕಡೆಯೋ, ಎಡಕ್ಕೋ ಬಲಕ್ಕೋ? ಒಳಗೆ ಡೈಪರಿನ ಯಾವ ಭಾಗ ಖಾಲಿ ಇದೆ?

ತೊಡೆಯ ಬದಿಯಿಂದ ಸೋರುವುದೇ ಹೆಚ್ಚು. ಮೊದಲು ಅನುಮಾನಿಸಬೇಕಾದದ್ದು ಅಳತೆಯನ್ನು. ನಮ್ಮ ಮನೆಯಲ್ಲಿ ಆದದ್ದು ಹೀಗೆ: ಅಪ್ಪ ಎತ್ತರದ ಆಳು ಎಂದು ದೊಡ್ಡ ಅಳತೆಯದನ್ನು ತಂದೆವು. ಸೋರಿದ ಮೇಲೆ ಅದಕ್ಕಿಂತ ದೊಡ್ಡದನ್ನು ತಂದೆವು. ದೊಡ್ಡದಾದಷ್ಟೂ ಹೆಚ್ಚು ಹಿಡಿಯುತ್ತದೆ ಎಂಬ ಸಾಮಾನ್ಯ ಬುದ್ಧಿ ಇಲ್ಲಿ ಕೈಕೊಡುತ್ತದೆ. ದೊಡ್ಡದು ತೊಡೆಯ ಬಳಿ ಬಾಯಿ ತೆರೆದುಕೊಂಡಿರುತ್ತದೆ. ಟೇಪು ಹಿಡಿದು ಸೊಂಟದ ಸುತ್ತಳತೆ ತೆಗೆಯಿರಿ, ಪೃಷ್ಠದ ಅತಿ ಅಗಲವಾದ ಜಾಗದ ಸುತ್ತಳತೆಯನ್ನೂ ತೆಗೆಯಿರಿ. ಎರಡರಲ್ಲಿ ಯಾವುದು ಹೆಚ್ಚೋ ಅದನ್ನು ಪೊಟ್ಟಣದ ಹಿಂದಿನ ಪಟ್ಟಿಗೆ ಹೋಲಿಸಿ. ಕಾಯಿಲೆಯಲ್ಲಿ ಮೈ ಇಳಿಯುತ್ತದೆ, ಹಾಗಾಗಿ ಒಂದೆರಡು ತಿಂಗಳಿಗೊಮ್ಮೆ ಮತ್ತೆ ಅಳೆಯಿರಿ. ಅಪ್ಪನ ಸೊಂಟ 36 ಇಂಚಿಗೆ ಇಳಿದಿತ್ತು. ನಾವು ತೊಡಿಸುತ್ತಿದ್ದದ್ದು 48ರ ಮೇಲಿನವರದು.

ಅಳತೆ ಸರಿಯಿದ್ದರೆ ಮುಂದಿನ ಆರೋಪಿ ಒಳ ನೆರಿಗೆ. ತೊಡೆಸಂದಿನಲ್ಲಿ ಎರಡು ಸಾಲು ನೆರಿಗೆ ಇರುತ್ತದೆ. ಹೊರಗಿನದು ಕಣ್ಣಿಗೆ ಕಾಣುವ ಎಲಾಸ್ಟಿಕ್. ಒಳಗಿನದು ಗೋಡೆಯ ಹಾಗೆ ಎದ್ದು ನಿಲ್ಲಬೇಕಾದ ಅಂಚು. ಪೊಟ್ಟಣದಲ್ಲಿ ಒತ್ತಿ ಮಡಿಸಿಟ್ಟಿರುವುದರಿಂದ ಅದು ಮಲಗಿಬಿಟ್ಟಿರುತ್ತದೆ. ಮಲವನ್ನು ತಡೆಯುವ ಅಣೆಕಟ್ಟೆ ಅದೇ. ಮಲಗಿದ್ದರೆ ಕಟ್ಟೆಯೇ ಇಲ್ಲದ ಹಾಗೆ. ತೊಡಿಸುವ ಮೊದಲು ಡೈಪರನ್ನು ಉದ್ದಕ್ಕೆ ಮಡಿಸಿ, ಎರಡು ತುದಿ ಹಿಡಿದು ಒಂದು ಸಲ ಮೆಲ್ಲನೆ ಎಳೆಯಿರಿ. ಅದು ದೋಣಿಯ ಆಕಾರಕ್ಕೆ ಬಂದು ನೆರಿಗೆಗಳು ಎದ್ದು ನಿಲ್ಲುತ್ತವೆ. ತೊಡಿಸಿದ ಮೇಲೆ ತೊಡೆಸಂದಿನುದ್ದಕ್ಕೂ ಬೆರಳಾಡಿಸಿ ಒಳಗೆ ಮಡಿಚಿಕೊಂಡ ಹೊರ ಅಂಚನ್ನು ಬಿಡಿಸಿ. ಈ ಒಂದು ಕೆಲಸಕ್ಕೆ ಹತ್ತು ಸೆಕೆಂಡು ಸಾಕು. ನಮಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದ ದಾದಿಯೊಬ್ಬರು ನಾನು ತೊಡಿಸುವುದನ್ನು ನೋಡಿ, ಏನೂ ಮಾತಾಡದೆ ನನ್ನ ಕೈಯಿಂದ ಡೈಪರ್ ಕಿತ್ತುಕೊಂಡು ಮಡಿಸಿ ಎಳೆದು ತೋರಿಸಿದರು.

ಮೂರನೆಯದು ಮೈಯ ಭಂಗಿ. ಅಪ್ಪನಿಗೆ ಬಲಭಾಗ ಸ್ವಾಧೀನ ತಪ್ಪಿತ್ತು. ಆ ಕಾಲು ಹೊರಕ್ಕೆ ಹೊರಳಿಕೊಂಡೇ ಇರುತ್ತಿತ್ತು, ಹಾಗಾಗಿ ಬಲ ತೊಡೆಸಂದಿನಲ್ಲಿ ಯಾವಾಗಲೂ ಒಂದು ಬೆರಳಿನಷ್ಟು ಸಂದು. ಕಲೆಯೂ ಯಾವಾಗಲೂ ಬಲಕ್ಕೇ. ಕಾಲಿನ ಹೊರಬದಿಗೆ ಒಂದು ಸಣ್ಣ ದಿಂಬಿಟ್ಟು ನೇರ ಮಾಡಿದ ಮೇಲೆ ಕಡಿಮೆಯಾಯಿತು. ಮಗ್ಗುಲಾಗಿ ಮಲಗುವವರಲ್ಲಿ ಕೆಳಗಾಗುವ ತೊಡೆಯ ಕಡೆ ಸೋರುತ್ತದೆ. ಆ ಬದಿಯ ನೆರಿಗೆಯನ್ನು ಎರಡು ಸಲ ನೋಡಿ.

ಬೆನ್ನಿನ ಕಡೆಯಿಂದ ಕಲೆ

ಅಂಗಾತ ಮಲಗಿದವರಲ್ಲಿ ಮೈಯ ಭಾರ ಪೃಷ್ಠದ ಮೇಲಿರುತ್ತದೆ. ಸಡಿಲ ಮಲಕ್ಕೆ ಕೆಳಗೆ ಜಾಗವಿಲ್ಲ, ಸಂದಿನಲ್ಲೇ ಮೇಲಕ್ಕೇರಿ ಸೊಂಟದ ಹಿಂದಿನಿಂದ ಹೊರಬರುತ್ತದೆ. ಇಲ್ಲಿ ತಪ್ಪು ಹೆಚ್ಚಾಗಿ ಇಡುವ ಜಾಗದ್ದು. ಮುಂದೆ ಎಷ್ಟು ಮೇಲಕ್ಕಿದೆಯೋ ಅಷ್ಟೇ ಹಿಂದೆಯೂ ಸಾಕು ಎಂದುಕೊಂಡು ನಾವು ಇಡುತ್ತೇವೆ. ಮಲದ ತೊಂದರೆಯೇ ಮುಖ್ಯವಾದವರಿಗೆ ಹಿಂಬದಿ ಸ್ವಲ್ಪ ಹೆಚ್ಚು ಮೇಲಕ್ಕಿರಬೇಕು, ಸೊಂಟದೆಲುಬಿನ ಮೇಲೆ ಬರುವಂತೆ.

ಟೇಪ್ ಮಾದರಿಯಲ್ಲಿ ಬದಿಗೆ ಎರಡರಂತೆ ನಾಲ್ಕು ಟೇಪುಗಳಿದ್ದರೆ ಕೆಳಗಿನವನ್ನು ಮೊದಲು ಅಂಟಿಸಿ, ಸ್ವಲ್ಪ ಮೇಲ್ಮುಖವಾಗಿ. ಅವು ತೊಡೆಯನ್ನು ಹಿಡಿಯುತ್ತವೆ. ಆಮೇಲೆ ಮೇಲಿನವನ್ನು ಸ್ವಲ್ಪ ಕೆಳಮುಖವಾಗಿ. ಅವು ಸೊಂಟವನ್ನು ಹಿಡಿಯುತ್ತವೆ. ನಾಲ್ಕನ್ನೂ ನೇರ ಅಡ್ಡಗೆರೆಯಂತೆ ಅಂಟಿಸಿದರೆ ಹೊಟ್ಟೆಗೆ ಬಿಗಿ, ತೊಡೆಗೆ ಸಡಿಲ. ಹೊಟ್ಟೆಯ ಬಳಿ ಎರಡು ಬೆರಳು ತೂರುವಷ್ಟು ಸಡಿಲವಿರಲಿ. ಉಸಿರು ಕಟ್ಟುವಂತೆ ಬಿಗಿದರೆ ಚರ್ಮ ಕೆಂಪಾಗುತ್ತದೆಯೇ ಹೊರತು ಸೋರುವುದು ನಿಲ್ಲುವುದಿಲ್ಲ.

ಟೇಪೇ ಬಿಟ್ಟುಕೊಳ್ಳುತ್ತಿದೆಯೇ? ಕಂಪನಿಯನ್ನು ಬೈಯುವ ಮೊದಲು ನಿಮ್ಮ ಬೆರಳು ಮೂಸಿ ನೋಡಿ. ನಾನು ಅಪ್ಪನಿಗೆ ಕೊಬ್ಬರಿ ಎಣ್ಣೆ ಸವರಿ, ಮೇಲೆ ಪೌಡರ್ ಉದುರಿಸಿ, ಅದೇ ಕೈಯಲ್ಲಿ ಟೇಪ್ ಅಂಟಿಸುತ್ತಿದ್ದೆ. ಎಣ್ಣೆ ತಾಗಿದ ಟೇಪು ಅಂಟುವುದೆಂತು? ಎರಡು ಪೊಟ್ಟಣಗಳನ್ನು ಇದೇ ಕಾರಣಕ್ಕೆ ಅಟ್ಟಕ್ಕೇರಿಸಿದ್ದೆ.

ಒಳಗೆ ಒಣಗಿದ್ದರೂ ಹೊರಗೆ ಸೋರಿದ್ದರೆ

ಬಿಚ್ಚಿ ನೋಡಿದಾಗ ಡೈಪರಿನ ಮುಕ್ಕಾಲು ಭಾಗ ಒಣಗಿಯೇ ಇದ್ದು ಹಾಸಿಗೆ ಮಾತ್ರ ಹಾಳಾಗಿದ್ದರೆ, ಒಳಗೆ ಇನ್ನೇನನ್ನಾದರೂ ಇಟ್ಟಿದ್ದೀರಾ ನೋಡಿಕೊಳ್ಳಿ. ಖರ್ಚು ಉಳಿಸಲು ಡೈಪರಿನೊಳಗೆ ಮುಟ್ಟಿನ ಪ್ಯಾಡ್ ಇಡುವುದು, ಒಂದರ ಮೇಲೊಂದು ಎರಡು ಡೈಪರ್ ತೊಡಿಸುವುದು ಅನೇಕ ಮನೆಗಳಲ್ಲಿ ಇದೆ. ಪ್ಯಾಡಿನ ಬೆನ್ನಿಗೆ ಪ್ಲಾಸ್ಟಿಕ್ ಇರುತ್ತದೆ. ಅದು ತುಂಬಿದ ಮೇಲೆ ಉಳಿದದ್ದು ಕೆಳಗಿಳಿಯಲಾರದೆ ಬದಿಗೆ ಓಡುತ್ತದೆ. ಎರಡು ಡೈಪರಿನ ಕಥೆಯೂ ಅದೇ: ಒಳಗಿನದರ ಪ್ಲಾಸ್ಟಿಕ್ ದಾಟಿ ಹೊರಗಿನದಕ್ಕೆ ಏನೂ ತಲುಪುವುದಿಲ್ಲ, ಸೆಕೆ ಮಾತ್ರ ಇಮ್ಮಡಿ. ಒಳಗಿಡಲೆಂದೇ ಮಾಡಿದ, ಪ್ಲಾಸ್ಟಿಕ್ ಬೆನ್ನಿಲ್ಲದ ಪ್ಯಾಡುಗಳಿವೆ. ಸಿಕ್ಕರೆ ಅವನ್ನು ಬಳಸಬಹುದು. ಸಿಗದಿದ್ದರೆ ಹಾಸಿಗೆಯ ಮೇಲೆ ಅಂಡರ್‌ಪ್ಯಾಡ್, ಅಂದರೆ ಮೈಯಡಿಗೆ ಹಾಕುವ ಹೀರುವ ಹಾಳೆ, ಹಾಸುವುದೇ ಲೇಸು.

ಮುಲಾಮು ದಪ್ಪಗೆ ಬಳಿದರೂ ಹೀಗೇ ಆಗುತ್ತದೆ. ಚರ್ಮಕ್ಕೆ ಹಚ್ಚಿದ ಜಿಡ್ಡು ಮೇಲಿನ ಹಾಳೆಗೆ ಅಂಟಿ ಅದರ ರಂಧ್ರಗಳನ್ನು ಮುಚ್ಚುತ್ತದೆ. ತೆಳ್ಳಗೆ ಒಂದು ಲೇಪ ಸಾಕು.

ಎಲ್ಲ ಸರಿಯಿದ್ದೂ ದಿನವಿಡೀ ಸ್ವಲ್ಪ ಸ್ವಲ್ಪ ಸೋರುತ್ತಿದ್ದರೆ

ಈ ಭಾಗವನ್ನು ಮಾತ್ರ ಎರಡು ಸಲ ಓದಿ.

ಅಳತೆ ಸರಿಯಾಯಿತು, ನೆರಿಗೆ ಎದ್ದು ನಿಂತಿತು, ಟೇಪು ಅಂಟಿತು. ಆದರೂ ಅಪ್ಪನಿಗೆ ದಿನಕ್ಕೆ ಆರೇಳು ಸಲ ಸ್ವಲ್ಪ ಸ್ವಲ್ಪವೇ ಕಂದು ನೀರಿನಂಥ ಮಲ ಆಗುತ್ತಿತ್ತು. ಭೇದಿ ಎಂದು ತೀರ್ಮಾನಿಸಿದೆವು. ಹಣ್ಣು ನಿಲ್ಲಿಸಿದೆವು, ಸೊಪ್ಪು ನಿಲ್ಲಿಸಿದೆವು, ನೀರು ಕಡಿಮೆ ಮಾಡಿದೆವು, ಗಂಜಿ ಮಜ್ಜಿಗೆಗೆ ಇಳಿಸಿದೆವು. ಔಷಧಿ ಅಂಗಡಿಯಿಂದ ಭೇದಿ ನಿಲ್ಲುವ ಮಾತ್ರೆ ತಂದು ಕೊಟ್ಟೆವು. ದಿನದಿನಕ್ಕೆ ಹೆಚ್ಚಾಯಿತು.

ಡೈಪರ್ ಮಡಿಸುವುದು ಕಲಿಸಿದ ಅದೇ ದಾದಿ ಒಂದು ಪ್ರಶ್ನೆ ಕೇಳಿದರು: "ಕೊನೆಯ ಸಲ ಗಟ್ಟಿಯಾಗಿ ಹೋಗಿದ್ದು ಯಾವತ್ತು?" ನನಗೆ ಗೊತ್ತಿರಲಿಲ್ಲ. ಹೆಂಡತಿ ಕ್ಯಾಲೆಂಡರ್ ನೋಡಿ ನೆಂಟರ ಮನೆಯ ಗೃಹಪ್ರವೇಶದ ದಿನವನ್ನು ನೆನಪಿಸಿಕೊಂಡಳು. ಎಣಿಸಿದರೆ ಹನ್ನೊಂದು ದಿನ.

ವೈದ್ಯರು ಕೈಗವಸು ತೊಟ್ಟು ಬೆರಳಿನಿಂದ ಪರೀಕ್ಷಿಸಿದಾಗ ಗುದದ್ವಾರದ ಒಳಗೆ ಕಲ್ಲಿನಂತೆ ಗಟ್ಟಿಯಾದ ಮಲದ ಉಂಡೆ ಕೂತಿತ್ತು. ಅದರ ಹಿಂದಿನ ತೆಳು ಮಲ ಉಂಡೆಯ ಸುತ್ತಲಿನ ಸಂದಿನಿಂದ ಜಿನುಗುತ್ತಿತ್ತು. ನಾವು ಭೇದಿ ಎಂದುಕೊಂಡದ್ದು ಮಲಬದ್ಧತೆ. ಭೇದಿಯ ಮಾತ್ರೆ ಕರುಳಿನ ಚಲನೆಯನ್ನು ಇನ್ನಷ್ಟು ನಿಧಾನ ಮಾಡಿ ಉಂಡೆಯನ್ನು ಇನ್ನೂ ಬಿಗಿಗೊಳಿಸಿತ್ತು. ತೂಬಿಗೆ ಕಲ್ಲು ಸಿಕ್ಕಿದಾಗ ಸುತ್ತಲಿನಿಂದ ನೀರು ಜಿನುಗುವುದನ್ನು ಎಷ್ಟು ಸಲ ನೋಡಿಲ್ಲ ನಾನು! ಅಪ್ಪನ ವಿಷಯದಲ್ಲಿ ಹೊಳೆಯಲೇ ಇಲ್ಲ.

ಎನಿಮಾ ಕೊಟ್ಟು, ಅಂದರೆ ಗುದದ್ವಾರದ ಮೂಲಕ ದ್ರವ ಬಿಟ್ಟು, ತೆರವು ಮಾಡಿದರು, ಮೆದುಗೊಳಿಸುವ ಔಷಧ ಬರೆದರು, ನಿಲ್ಲಿಸಿದ್ದ ನೀರು ಹಣ್ಣು ಮತ್ತೆ ಶುರುವಾಯಿತು. ವಾರದೊಳಗೆ ಸೋರಿಕೆ ದಿನಕ್ಕೆ ಒಂದಕ್ಕೆ ಇಳಿಯಿತು.

ಮಂಚ ಹಿಡಿದವರಲ್ಲಿ ಸ್ವಲ್ಪ ಸ್ವಲ್ಪ ತೆಳು ಮಲ ಪದೇ ಪದೇ ಆಗುತ್ತಿದ್ದು, ಹೊಟ್ಟೆ ಉಬ್ಬರಿಸಿ, ಊಟ ಸೇರದೆ, ಹಲವು ದಿನಗಳಿಂದ ಸರಿಯಾದ ವಿಸರ್ಜನೆ ಆಗಿಲ್ಲದಿದ್ದರೆ ಭೇದಿಯ ಮಾತ್ರೆ ಕೊಡಬೇಡಿ, ಪರೀಕ್ಷೆ ಮಾಡಿಸಿ. ಬೆರಳು ಹಾಕಿ ತೆಗೆಯುವ ಸಾಹಸವನ್ನು ಮನೆಯಲ್ಲಿ ನೀವೇ ಮಾಡಬೇಡಿ. ಗಾಯವಾದೀತು, ರಕ್ತ ಬಂದೀತು.

ವೈದ್ಯರಿಗೆ ಹೇಳಲು ಮಾತು ಬೇಕಲ್ಲ? "ಸಡಿಲ", "ಒಂದು ಥರಾ" ಎಂದು ತಡಬಡಾಯಿಸುವ ಬದಲು ಬ್ರಿಸ್ಟಲ್ ಪಟ್ಟಿಯ ಸಂಖ್ಯೆ ಹೇಳಿ. ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು ರೂಪಿಸಿದ ಈ ಪಟ್ಟಿ ಮಲವನ್ನು ಏಳು ಬಗೆಯಾಗಿ ವಿಂಗಡಿಸುತ್ತದೆ. 1 ಎಂದರೆ ಆಡಿನ ಹಿಕ್ಕೆಯಂಥ ಬಿಡಿ ಗಟ್ಟಿ ಉಂಡೆ, 4 ನಯವಾದ ಬಾಳೆಹಣ್ಣಿನಂಥದ್ದು, 7 ಬರೀ ನೀರು. 1, 2 ಮಲಬದ್ಧತೆಯ ಕಡೆ. 6, 7 ಭೇದಿಯ ಕಡೆ. ಡೈಪರ್ ಚೆನ್ನಾಗಿ ತಡೆಯಬಲ್ಲದ್ದು 3ರಿಂದ 5ರವರೆಗಿನದನ್ನು. 7ನ್ನು ತಡೆದು ನಿಲ್ಲಿಸುತ್ತೇನೆಂದು ಹೊರಡುವ ಡೈಪರನ್ನು ನಾನಂತೂ ನೋಡಿಲ್ಲ. ಹಾಗಾಗಿ ಡೈಪರಿಗೆ ಸುರಿಯುವ ದುಡ್ಡಿಗಿಂತ ಮಲವನ್ನು 4ರ ಹತ್ತಿರ ತರಲು ಮಾಡುವ ಪ್ರಯತ್ನ ಹೆಚ್ಚು ಫಲ ಕೊಡುತ್ತದೆ.

ಔಷಧಿ ಡಬ್ಬಿಯನ್ನೂ ವೈದ್ಯರ ಮುಂದೆ ಸುರಿಯಿರಿ. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಕೆಲವರಿಗೆ ಮಲವನ್ನು ಸಡಿಲಿಸುತ್ತದೆ, ಆ್ಯಂಟಿಬಯೋಟಿಕ್‌ಗಳೂ ಹಾಗೆಯೇ. ಮೆಗ್ನೀಷಿಯಂ ಇರುವ ಆಮ್ಲಶಮನಕಗಳೂ ಆ ಸಾಲಿನವು. ಕಬ್ಬಿಣಾಂಶದ ಮಾತ್ರೆ, ಬಲವಾದ ನೋವಿನ ಮಾತ್ರೆಗಳು ಕಟ್ಟುತ್ತವೆ. ನೀವಾಗಿ ನಿಲ್ಲಿಸಬೇಡಿ, ಕೇಳಿ. ಇಸಬ್‌ಗೋಲ್ ಕೆಲವರಿಗೆ ಒಳ್ಳೆಯದು, ಆದರೆ ಸಾಕಷ್ಟು ನೀರು ಕುಡಿಯಲಾರದವರಿಗೆ, ನುಂಗಲು ಕಷ್ಟವಿರುವವರಿಗೆ ಅದೇ ಅಪಾಯ. ಗಂಟಲಲ್ಲೋ ಕರುಳಲ್ಲೋ ಕಟ್ಟಿಕೊಳ್ಳಬಹುದು.

ಹೊತ್ತು ಹಿಡಿಯಿರಿ

ಮೂರು ದಿನ ಒಂದು ಚೀಟಿಯಲ್ಲಿ ಹೊತ್ತು ಬರೆದಿಟ್ಟೆ. ಎದ್ದದ್ದು, ತಿಂಡಿ, ಕಾಫಿ, ಮಲವಾದದ್ದು. ಮೂರೂ ದಿನ ತಿಂಡಿಯಾದ ಅರ್ಧ ಗಂಟೆಯೊಳಗೆ. ಹೊಟ್ಟೆಗೆ ಆಹಾರ ಬಿದ್ದ ಕೂಡಲೇ ದೊಡ್ಡ ಕರುಳು ಚುರುಕಾಗುವುದು ಎಲ್ಲರಲ್ಲೂ ಇರುವ ಗುಣ, ಅದು ಬೆಳಗಿನ ತಿಂಡಿಯ ಹೊತ್ತಿಗೆ ಜೋರು. ಅಂದಿನಿಂದ ತಿಂಡಿಯಾಗಿ ಇಪ್ಪತ್ತು ನಿಮಿಷಕ್ಕೆ ಅಪ್ಪನನ್ನು ಕಮೋಡ್ ಕುರ್ಚಿಯಲ್ಲಿ ಕೂರಿಸಲು ಶುರು ಮಾಡಿದೆವು. ಪಾದದಡಿಗೆ ಒಂದು ಮಣೆ, ಮೈ ಸ್ವಲ್ಪ ಮುಂದಕ್ಕೆ, ಬಾಗಿಲು ಮುಚ್ಚಿ, ಕೈಗೆ ಪತ್ರಿಕೆ. ವಾರದಲ್ಲಿ ನಾಲ್ಕೈದು ದಿನ ಡೈಪರಿಗೆ ಕೆಲಸವೇ ಇರಲಿಲ್ಲ. ಬಾಗಿಲು ಮುಚ್ಚುವುದು ಮುಖ್ಯ. ಪಕ್ಕದಲ್ಲಿ ನಿಂತು "ಆಯಿತೇ, ಆಯಿತೇ" ಎಂದು ಕೇಳಿದರೆ ಯಾರಿಗೂ ಆಗುವುದಿಲ್ಲ. ಬೀಳುವ ಭಯವಿದ್ದರೆ ಬಾಗಿಲ ಹೊರಗೇ ಕೂರಿ, ಕೈಗೆ ಒಂದು ಗಂಟೆ ಕೊಡಿ.

ಓಡಾಡುವವರಿಗೆ

ನಡೆದಾಡುತ್ತಾ, ದಿನಕ್ಕೆ ಒಂದೆರಡು ಸಲ ಒಳಉಡುಪಿಗೆ ಕಲೆಯಾಗುವಷ್ಟೇ ತೊಂದರೆ ಇರುವವರಿಗೆ ಡೈಪರ್ ಬೇಕಾಗಿಲ್ಲ. ಸಣ್ಣ ಪ್ಯಾಡ್ ಸಾಕು, ಆದರೆ ಅದು ಹಿಂದೆ ಸರಿಯಾಗಿ ಕೂರಬೇಕು. ಮುಟ್ಟಿನ ಪ್ಯಾಡನ್ನು ಮುಂದಕ್ಕೆ ಇಟ್ಟ ಅಭ್ಯಾಸದಲ್ಲೇ ಇಟ್ಟು "ಪ್ರಯೋಜನವಿಲ್ಲ" ಎನ್ನುವವರಿದ್ದಾರೆ. ಪೃಷ್ಠದ ಸಂದಿನಲ್ಲೇ ನಿಲ್ಲುವ ಚಿಟ್ಟೆಯಾಕಾರದ ಪುಟ್ಟ ಪ್ಯಾಡ್, ಗುದದ್ವಾರದೊಳಗೆ ಇಟ್ಟುಕೊಳ್ಳುವ ಮೆದು ತಡೆ ಇವೂ ಇವೆ. ಎರಡನೆಯದನ್ನು ವೈದ್ಯರಿಗೆ ತೋರಿಸದೆ ಬಳಸಬಾರದು. ಮಲ ನೀರಾಗಿಯೇ ಹೋಗುವ, ಮಂಚ ಹಿಡಿದ ರೋಗಿಗಳಿಗೆ ಗುದದ್ವಾರದ ಸುತ್ತ ಅಂಟಿಸುವ ಚೀಲವನ್ನು ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಚರ್ಮ ಪೂರ್ತಿ ಒಣಗಿದ್ದು, ಸುಲಿದಿರದಿದ್ದರೆ ಮಾತ್ರ ಅದು ನಿಲ್ಲುತ್ತದೆ.

ಪ್ಯಾಂಟ್ ಮಾದರಿಯ ಡೈಪರ್ ಓಡಾಡುವವರಿಗೆ ಹಿತ, ಒಳಉಡುಪಿನಂತೆ ಏರಿಸಬಹುದು. ಅದನ್ನು ತೆಗೆಯುವುದರಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ. ಕಾಲಿನಿಂದ ಕೆಳಗೆ ಎಳೆದರೆ ಹಿಮ್ಮಡಿಯವರೆಗೂ ಮಲ ಬಳಿದುಕೊಳ್ಳುತ್ತದೆ. ಎರಡೂ ಬದಿಯ ಹೊಲಿಗೆ ಹರಿಯುವಂತೆಯೇ ಮಾಡಿರುತ್ತಾರೆ. ಹರಿದು, ಹಿಂದಿನಿಂದ ಮಡಿಸಿ ತೆಗೆಯಿರಿ.

ಹೆಂಗಸರಿಗೆ ಇನ್ನೊಂದು ಮಾತು. ಕಷ್ಟದ ಹೆರಿಗೆಯಲ್ಲಿ ಗುದದ್ವಾರದ ಸ್ನಾಯು ಹರಿದದ್ದು ಎಷ್ಟೋ ವರ್ಷಗಳ ನಂತರ ಹಿಡಿತ ತಪ್ಪುವುದಕ್ಕೆ ಕಾರಣವಾಗಬಹುದು. ವಯಸ್ಸಾಯಿತು ಎಂದು ಸೀರೆಯ ಚೂರನ್ನು ಮಡಿಸಿ ಇಟ್ಟುಕೊಂಡು ಮದುವೆ ಮುಂಜಿಗಳಿಗೆ ಹೋಗುವುದನ್ನೇ ಬಿಟ್ಟವರು ನಮ್ಮ ನೆಂಟರಲ್ಲೇ ಇದ್ದಾರೆ. ಸ್ನಾಯುವಿಗೆ ವ್ಯಾಯಾಮಗಳಿವೆ, ಚಿಕಿತ್ಸೆಯಿದೆ. ಪ್ಯಾಡ್ ಕೊಳ್ಳುವ ಮೊದಲು ತೋರಿಸಿಕೊಳ್ಳಿ.

ವಾಸನೆ

ಬದಲಿಸಿದ ಮೇಲೂ ಕೋಣೆಯಲ್ಲಿ ವಾಸನೆ ಉಳಿದರೆ ಡೈಪರನ್ನು ಬಿಟ್ಟು ಬೇರೆ ಕಡೆ ಹುಡುಕಿ: ಹಾಸಿಗೆಯ ಅಂಚು, ಗಾಲಿಕುರ್ಚಿಯ ಸ್ಪಂಜು, ಮಂಚದಡಿಯ ಬಕೆಟ್. ನಮ್ಮಲ್ಲಿ ಅದು ರೆಕ್ಸಿನ್ ಹಾಳೆಯ ಹೊಲಿಗೆಯಲ್ಲಿತ್ತು. ಸುವಾಸನೆಯ ಡೈಪರ್ ಕೊಳ್ಳಬೇಡಿ. ಮಲ್ಲಿಗೆಯೂ ಮಲವೂ ಬೆರೆತ ವಾಸನೆ ಎರಡಕ್ಕೂ ಅವಮಾನ, ಜೊತೆಗೆ ಆ ಪರಿಮಳ ಕೆಲವರ ಚರ್ಮಕ್ಕೆ ಆಗುವುದಿಲ್ಲ.

ಚರ್ಮ ಕೆಂಪಾದರೆ

ಆರೋಗ್ಯವಾದ ಚರ್ಮ ಸ್ವಲ್ಪ ಆಮ್ಲೀಯ. ಮಲವೂ ಮೂತ್ರವೂ ಸೇರಿದಾಗ ಅಮೋನಿಯಾ ಹುಟ್ಟಿ ಆ ಆಮ್ಲೀಯತೆ ಅಳಿಯುತ್ತದೆ, ಮಲದಲ್ಲಿರುವ ಜೀರ್ಣರಸಗಳು ಚುರುಕಾಗಿ ಚರ್ಮವನ್ನೇ ಜೀರ್ಣಿಸತೊಡಗುತ್ತವೆ. ತೆಳು ಮಲದಲ್ಲಿ ಈ ರಸಗಳ ಉಪದ್ರವ ಹೆಚ್ಚು, ಹಾಗಾಗಿ ಭೇದಿಯಾದ ದಿನ ಚರ್ಮ ಬೇಗ ಸುಲಿಯುತ್ತದೆ.

ಕೆಂಪು ಎಲ್ಲಿದೆ, ಹೇಗಿದೆ ನೋಡಿ. ಸಂದುಗಳಲ್ಲಿ, ಎರಡೂ ಬದಿಗೆ, ಅಂಚು ಸ್ಪಷ್ಟವಿಲ್ಲದೆ ಹರಡಿ ಹೊಳೆಯುತ್ತಿದ್ದರೆ ಅದು ಮಲಮೂತ್ರದಿಂದಾದ ಉರಿ. ಬಾಲದ ಮೂಳೆಯ ಮೇಲೆ, ಸೊಂಟದ ಮೂಳೆಯ ಮೇಲೆ, ಹೀಗೆ ಮೂಳೆ ಉಬ್ಬಿದ ಕಡೆ ಒಂದೇ ಜಾಗದಲ್ಲಿ ಅಂಚು ಕಟ್ಟಿದಂತಿದ್ದು, ಬೆರಳಿನಿಂದ ಒತ್ತಿ ಬಿಟ್ಟರೂ ಬಿಳಿಚದಿದ್ದರೆ ಒತ್ತಡದ ಹುಣ್ಣು ಶುರುವಾಗಿದೆ. ಮುಲಾಮಿನಿಂದಷ್ಟೇ ಹೋಗುವುದಿಲ್ಲ, ಮಗ್ಗುಲು ಬದಲಿಸಬೇಕು, ತೋರಿಸಬೇಕು. ದೊಡ್ಡ ಕೆಂಪಿನ ಸುತ್ತ ಚೆಲ್ಲಿದ ಸಾಸಿವೆಯಂತೆ ಸಣ್ಣ ಕೆಂಪು ಚುಕ್ಕೆಗಳಿದ್ದು ತುರಿಕೆಯಿದ್ದರೆ ಶಿಲೀಂಧ್ರದ ಸೋಂಕಿರಬಹುದು. ಅದಕ್ಕೆ ಬೇರೆಯೇ ಮುಲಾಮು.

ತೊಳೆಯುವಾಗ ಉಗುರುಬೆಚ್ಚಗಿನ ನೀರು, ಮೆದು ಬಟ್ಟೆ. ಉಜ್ಜಬೇಡಿ, ಒತ್ತಿ ಒರೆಸಿ. ಹೆಂಗಸರಿಗೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ. ಬಟ್ಟೆ ಸೋಪು ಬೇಡ. ನೀರಿಗೆ ನಂಜುನಿವಾರಕ ದ್ರಾವಣ ಬೆರೆಸುವ ಪದ್ಧತಿ ನಮ್ಮ ಮನೆಗಳಲ್ಲಿ ಬೇರೂರಿದೆ. ಸುಲಿದ ಚರ್ಮಕ್ಕೆ ಅದು ಬೆಂಕಿ. ಪೌಡರ್ ಒದ್ದೆಯಲ್ಲಿ ಕಲಸಿ ಗಂಟುಕಟ್ಟಿ ಉಜ್ಜುತ್ತದೆ. ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಮುಲಾಮು ಅಥವಾ ಪೆಟ್ರೋಲಿಯಂ ಜೆಲ್ಲಿ, ತೆಳ್ಳಗೆ. ಜಿಂಕ್ ಮುಲಾಮನ್ನು ಪ್ರತಿ ಸಲವೂ ಪೂರ್ತಿ ಕೆರೆದು ತೆಗೆಯುವ ಅಗತ್ಯವಿಲ್ಲ. ಮೇಲಿನ ಕೊಳೆ ಹೋದರೆ ಸಾಕು, ಅದರ ಮೇಲೇ ಮತ್ತೊಂದು ಲೇಪ ಹಾಕಿ. ದಿನಕ್ಕೆ ಒಂದೆರಡು ಸಲ ಡೈಪರ್ ಬಿಚ್ಚಿ, ಅಂಡರ್‌ಪ್ಯಾಡ್ ಮೇಲೆ ಮಲಗಿಸಿ ಗಾಳಿಯಾಡಲು ಬಿಡಿ.

ಬಟ್ಟೆಯೇ ಸಾಕು ಎನ್ನುವವರಿಗೆ

ಹಳೆಯ ಕಾಟನ್ ಸೀರೆ ಮೆದು, ಅಗ್ಗ, ಚರ್ಮಕ್ಕೆ ಒಳ್ಳೆಯದು. ನನ್ನ ಅಜ್ಜಿಗೆ ಬಳಸಿದ್ದು ಅದೇ. ಆದರೆ ಮಲೆನಾಡಿನ ಜುಲೈ ತಿಂಗಳಲ್ಲಿ ಅದು ಒಣಗುವುದಿಲ್ಲ. ಅರೆಬರೆ ಒಣಗಿದ್ದನ್ನು ತೊಡಿಸಿದರೆ ಶಿಲೀಂಧ್ರ ಖಚಿತ. ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಹೊಗೆಯ ವಾಸನೆ, ಆದರೂ ಒದ್ದೆಗಿಂತ ವಾಸಿ. ಹೀರುವುದು ಕಡಿಮೆಯಾಗಿದ್ದರೆ ಬಟ್ಟೆ ಮೆದುಗೊಳಿಸುವ ದ್ರಾವಣ ಹಾಕುತ್ತಿದ್ದೀರಾ ನೋಡಿ. ಅದು ನೂಲಿನ ಮೇಲೆ ಪೊರೆ ಕಟ್ಟುತ್ತದೆ.

ಎಸೆಯುವುದು

ಗಟ್ಟಿ ಮಲವಿದ್ದರೆ ಮೊದಲು ಶೌಚಾಲಯಕ್ಕೆ ಉದುರಿಸಿ. ಡೈಪರನ್ನು ಶೌಚಗುಂಡಿಗೆ ಹಾಕಿದರೆ ಪೈಪು ಕಟ್ಟುತ್ತದೆ; ಒಳಗಿನ ಪುಡಿ ನೀರು ಕುಡಿದು ಊದುವುದನ್ನು ಆಗಲೇ ಹೇಳಿದೆನಲ್ಲ. ಒಳಮುಖವಾಗಿ ಸುರುಳಿ ಸುತ್ತಿ, ಅದರದೇ ಟೇಪಿನಿಂದ ಬಿಗಿದು, ಪತ್ರಿಕೆಯಲ್ಲಿ ಸುತ್ತಿ. ಘನತ್ಯಾಜ್ಯ ನಿಯಮಗಳು ಇದನ್ನು ಸುತ್ತಿಯೇ ಕೊಡಬೇಕು ಎನ್ನುತ್ತವೆ. ಬೆಂಗಳೂರಿನಲ್ಲಿ ಪೊಟ್ಟಣದ ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡುವ ರೂಢಿಯಿದೆ. ನಮ್ಮೂರಿನಲ್ಲೂ ನಾನು ಕೆಂಪು ಮಾರ್ಕರಿನಿಂದ ಗೀಟು ಹಾಕುತ್ತೇನೆ, ಕಸ ಒಯ್ಯುವ ಹುಡುಗ ಬರಿಗೈಯಲ್ಲಿ ಬಿಚ್ಚದಿರಲಿ ಎಂದು. ಒಲೆಗೆ ಹಾಕಿ ಸುಡಬೇಡಿ. ಪ್ಲಾಸ್ಟಿಕ್ ಹೊಗೆ ಬರುತ್ತದೆ, ಒದ್ದೆ ಜೆಲ್ಲಿ ಸುಡುವುದೂ ಇಲ್ಲ.

ಕಾಯದೆ ಆಸ್ಪತ್ರೆಗೆ ಹೊರಡಬೇಕಾದದ್ದು

ಬೆನ್ನುನೋವಿನ ಜೊತೆ ಇದ್ದಕ್ಕಿದ್ದಂತೆ ಮಲದ ಹಿಡಿತ ತಪ್ಪಿ, ತೊಡೆಸಂದಿನ ಭಾಗ ಜೋಮು ಹಿಡಿದು, ಕಾಲಿನ ಬಲ ಕುಂದಿದ್ದರೆ, ಮೂತ್ರ ಕಟ್ಟಿದ್ದರೆ, ಅದೇ ದಿನ, ಅದೇ ಗಂಟೆಯಲ್ಲಿ. ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಕೊಂಡಿರಬಹುದು, ತಡವಾದರೆ ಹಿಡಿತ ಮರಳದೇ ಹೋಗಬಹುದು. ಮಲದಲ್ಲಿ ರಕ್ತ, ಡಾಂಬರಿನಂತೆ ಕಪ್ಪಗೆ ಅಂಟುವ ಮಲ, ಜ್ವರದೊಂದಿಗೆ ಭೇದಿ, ಹೊಟ್ಟೆಯುಬ್ಬರ ವಾಂತಿ ಇದ್ದರೂ ತಡಮಾಡಬೇಡಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಅದನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ಹೇಳಿ. ಕಾರಣವಿಲ್ಲದೆ ತೂಕ ಇಳಿಯುತ್ತಾ, ಮಲವಿಸರ್ಜನೆಯ ರೀತಿಯೇ ಬದಲಾಗಿ ವಾರಗಳಾಗಿದ್ದರೂ ತೋರಿಸಿ.

ಅಪ್ಪನ ಉಂಡೆ ತೆರವಾಗಿ, ಹೊತ್ತು ಸಿಕ್ಕಿದ ಮೇಲೆ ಅಟ್ಟದ ಪೊಟ್ಟಣಗಳನ್ನು ಒಂದೊಂದಾಗಿ ಇಳಿಸಿ ಬಳಸಿದೆವು. ಮೊದಲ ವಾರದಲ್ಲೇ "ಕಳಪೆ" ಎಂದು ಬೈದು ಏರಿಸಿದ್ದ ಅಗ್ಗದ್ದೇ ಎಲ್ಲಕ್ಕಿಂತ ಚೆನ್ನಾಗಿ ನಿಂತಿತು. ದೊಡ್ಡ ಅಳತೆಯ ಎರಡು ಪೊಟ್ಟಣ ಮಾತ್ರ ಇನ್ನೂ ಅಲ್ಲೇ ಇವೆ. ಸೊಂಟ 48 ಇಂಚು ದಾಟಿದವರ ಮನೆಯವರು ಯಾರಾದರೂ ಅಂಗಡಿಗೆ ಬಂದು ಕೇಳಿದರೆ ಪಂಪಿನ ಜೊತೆ ಕಟ್ಟಿ ಕೊಡುತ್ತೇನೆ.